ಗೂಳಿಯ ಮೂಗುದಾರ

ಗೂಳಿ ಬಾಯಿಗೆ ಬೆರಳು ಹಾಕಿದನೆಂದರೆ ಕಸಾಯಿಖಾನೆಯಲ್ಲಿ ಅದಕ್ಕೆ ಎರಡೇ ಅರ್ಥ. ಒಂದೋ ಊಟ, ಇಲ್ಲವೋ ಏಟು.

ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವವನಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಕತ್ತು ದಪ್ಪ, ಸಿಟ್ಟು ಮೂಗಿನ ತುದಿಯಲ್ಲಿ. ನೇತುಹಾಕಿದ ಕುರಿಯನ್ನು ಬೆನ್ನುಮೂಳೆಯ ಗುಂಟ ಎರಡು ಹೋಳು ಮಾಡುವುದು ಅವನ ಕೆಲಸ. ಬೇರೆಯವರು ಹತ್ತು ಸಲ ಮಚ್ಚು ಬೀಸುವ ಕಡೆ ಅವನು ಬೀಸುತ್ತಿದ್ದುದು ಅದರ ಅರ್ಧ. ಆ ಕೈ ಕೆಲಸ ಮುಗಿದ ಮೇಲೂ ಸುಮ್ಮನಿರುತ್ತಿರಲಿಲ್ಲ. ಲಾರಿಯವನ ಪಕ್ಕೆಲುಬು ಮುರಿದಿತ್ತು. ಮಂಜುಗಡ್ಡೆ ತರುವವನ ಕಿವಿ ಹರಿದಿತ್ತು. ಹೆಂಡತಿಗೂ ಬಿದ್ದಿತ್ತು, ಒಂದಲ್ಲ ಎರಡಲ್ಲ. ಇದನ್ನು ಮುಚ್ಚಿಟ್ಟು ಅವನ ಕತೆ ಹೇಳಿದರೆ ಅದು ಸಾವಿನ ಮನೆಯಲ್ಲಿ ಹೇಳುವ ಸುಳ್ಳಾಗುತ್ತದೆ.

ಹೆಂಡತಿಗೂ ಅಲ್ಲೇ ಕೆಲಸ. ಅವನು ನಿಲ್ಲುವ ಕಟ್ಟೆಗೆ ಎದುರಾಗಿ ನೀರಿನ ತೊಟ್ಟಿ. ಕರುಳು ಹಿಂಡಿ, ಒಳಮೈ ಹೊರಗೆ ತಿರುವಿ, ಕೆರೆದು ತೊಳೆಯುವುದು ಅವಳ ಪಾಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಡ ಕಣ್ಣೆದುರಿಗೇ ಇರುತ್ತಿದ್ದ. ಅವನ ಸಿಟ್ಟು ಏರುವುದೂ ಇಳಿಯುವುದೂ ಅವಳಿಗೆ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಮೇಲಿನ ಕಂಬಿಯ ಸರಪಳಿ ಕಿತ್ತುಹೋಯಿತು. ಕಬ್ಬಿಣದ ಕೊಕ್ಕೆ ಬೀಸಿ ಬಂದು ಅವನ ಬಾಯಿಗೆ ಬಡಿಯಿತು. ಹಲ್ಲು ಬೀಳಲಿಲ್ಲ, ಒಳಕ್ಕೆ ವಾಲಿದವು. ಅಂದಿನಿಂದ ಅನ್ನ ಅಗಿದರೆ ಜೊತೆಗೆ ನಾಲಿಗೆಯನ್ನೂ ಅಗಿಯುತ್ತಿದ್ದ. ಒಂದೇ ಜಾಗಕ್ಕೆ ಹಲ್ಲು ತಾಗಿ ತಾಗಿ ಹುಣ್ಣಾಯಿತು. ಕೆಲಸದ ಮೇಲೆ ಬಿದ್ದ ಪೆಟ್ಟು, ಆದ್ದರಿಂದ ವಿಮೆಯಲ್ಲೇ ಚಿಕಿತ್ಸೆ. ಹಲ್ಲಿನ ಡಾಕ್ಟರಮ್ಮ ದೀಪ ಹಿಡಿದು ನೋಡಿದರು.

"ಹಲ್ಲು ಜಾಗಕ್ಕೆ ಬರದೆ ಈ ಹುಣ್ಣು ಮಾಯೋದಿಲ್ಲ. ಕೆಟ್ಟದ್ದಕ್ಕೆ ತಿರುಗಿದ್ರೂ ತಿರುಗಬಹುದು."

"ತಂತಿಗಿಂತಿ ಕಟ್ಟಿಸ್ಕೊಳ್ಳಲ್ಲ ನಾನು. ನಾನೇನು ಸ್ಕೂಲಿಗೆ ಹೋಗೋ ಹುಡುಗೀನಾ?"

"ತಂತಿ ಬೇಡ ಬಿಡಿ. ಇದನ್ನ ಹಾಕ್ಕೊಳ್ಳಿ."

ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ಕಿನ ಎರಡು ಅಚ್ಚು. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು. ಅಲೈನರ್ ಅಂತೆ. ಕೆಲವು ದಿನಕ್ಕೊಮ್ಮೆ ಹೊಸ ಜೊತೆ ಬದಲಿಸಬೇಕು. ತಿನ್ನುವಾಗ ತೆಗೆಯಬೇಕು. ಬರೀ ನೀರು ಬಿಟ್ಟು ಏನು ಕುಡಿದರೂ ತೆಗೆಯಬೇಕು. ತಿಂದು ಕುಡಿದಾದ ಮೇಲೆ ಹಲ್ಲುಜ್ಜಿ ಮತ್ತೆ ಹಾಕಬೇಕು.

"ಮಲಗೋವಾಗ?"

"ಬಾಯಲ್ಲೇ ಇರಬೇಕು."

"ಜಗಳ ಆಡೋವಾಗ?"

ಡಾಕ್ಟರಮ್ಮ ನಕ್ಕರು. "ಆಗ ತೆಗೆದಿಡಿ ಮಾರಾಯ್ರೇ. ಒಡೆದು ಗಂಟಲಿಗೆ ಇಳಿದೀತು."

ಅವರು ಅಂದದ್ದು ತಮಾಷೆಗೆ. ಅವನು ಅದನ್ನು ಮದ್ದಿನಷ್ಟೇ ನಂಬಿ ಪಾಲಿಸಿದ.

ಮೊದಲ ಜೊತೆಯನ್ನು ಬಾಯಲ್ಲಿಟ್ಟುಕೊಂಡೇ ಕುದಿಯುವ ಟೀ ಕುಡಿದ. ಅದು ಬಿಸಿಲಿಗಿಟ್ಟ ಮೇಣದ ಹಾಗೆ ಸೊಟ್ಟಗಾಯಿತು. ಇನ್ನೊಂದು ಸಲ ಊಟಕ್ಕೆ ಕೂತವನು ಅಚ್ಚನ್ನು ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟ. ಗುಡಿಸುವವಳು ಎಲುಬಿನ ಜೊತೆ ಬಳಿದುಕೊಂಡು ಹೋದಳು. ಹೆಂಡತಿ ಕಸದ ತೊಟ್ಟಿಗೆ ಮೊಣಕೈವರೆಗೆ ಕೈಹಾಕಿ ಹುಡುಕಿದಳು. ಸಿಕ್ಕಿತು, ಒಂದು ಕುರಿತಲೆಯ ದವಡೆಗೆ ಅಂಟಿಕೊಂಡು.

"ಅಕ್ಕಾ, ಕುರಿಗೇ ಚೆನ್ನಾಗಿ ಕೂತಿದೆ, ಹಾಗೇ ಬಿಟ್ಬಿಡು!" ಎಂದು ಇಡೀ ಸಾಲು ನಕ್ಕಿತು. "ಗೂಳಿಗೂ ಕೊನೆಗೆ ಮೂಗುದಾರ ಬಿತ್ತಲ್ಲಪ್ಪ!"

ಅಚ್ಚಿಗೆ ಆ ಹೆಸರೇ ನಿಂತಿತು. ಅಂದಿನಿಂದ ಅವನ ಜೇಬಿಗೆ ಒಂದು ನೀಲಿ ಡಬ್ಬಿ ಬಂತು. ಜಗಳ ಬಂದರೆ ಡಬ್ಬಿ ತೆಗೆಯುವನು, ಮೇಲಿನದು ಕಳಚುವನು, ಕೆಳಗಿನದು ಕಳಚುವನು, ಮುಚ್ಚಳ ಹಾಕುವನು, ಆಮೇಲೆ ಹೊಡೆಯುವನು. ಮಂಜುಗಡ್ಡೆಯವನ ಕಿವಿ ಹರಿದದ್ದು ಹಾಗೆಯೇ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು: "ಗೂಳಿ ಮೂಗುದಾರ ಬಿಚ್ಚಿದ್ರೆ ಹಿಂದೆಮುಂದೆ ನೋಡ್ಬೇಡ, ಓಡು."

ಹೊಸ ಜೊತೆ ಹಾಕಿದ ದಿನ ಹಲ್ಲೆಲ್ಲ ನೋವು. ಗಟ್ಟಿ ಪದಾರ್ಥ ಬಾಯಿಗಿಡುವಂತಿಲ್ಲ. ಅಂಥ ಒಂದು ಸಂಜೆ ಹೆಂಡತಿ ಗಂಜಿ ಕಾಯಿಸಿ ಇಟ್ಟಳು. ಬಿಸಿ ಹೆಚ್ಚಾಗಿತ್ತು. ತಟ್ಟೆ ಹಾರಿ ಬಂತು. ಅಂಚು ತಾಗಿ ಅವಳ ಹುಬ್ಬು ಸೀಳಿತು. ಒಂದು ಕಣ್ಣಿಗೆ ಗಂಜಿ, ಇನ್ನೊಂದಕ್ಕೆ ರಕ್ತ. ಅವಳು ಅಳಲಿಲ್ಲ. ಸೆರಗು ಒತ್ತಿ ಹಿಡಿದು ಹೇಳಿದಳು.

"ಇನ್ನೊಂದು ಸಲ ಹೊಡಿ. ನನಗೆ ಅಂತಲ್ಲ, ಯಾರಿಗಾದ್ರೂ ಸರಿ. ಆವತ್ತೇ ತಂಗಿ ಮನೆಗೆ ಹೋಗ್ತೀನಿ."

"ಹೋಗೇ, ಹೋಗು. ಎಷ್ಟು ದಿನ ಇರ್ತೀಯ ನೋಡೇಬಿಡ್ತೀನಿ."

"ನೀನು ಸತ್ತೆ ಅಂತ ಸುದ್ದಿ ಬರೋವರೆಗೂ ಇರ್ತೀನಿ."

ಅವಳು ಬಾಯಿಮಾತಿಗೆ ಹೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ನೆಲದ ಗಂಜಿಯನ್ನು ಅವನೇ ಬಳಿದ.

ಆಮೇಲೆ ಅವನು ಒಬ್ಬರಿಗೂ ಹೊಡೆಯಲಿಲ್ಲ. ಸಿಟ್ಟು ಹೋಯಿತೆಂದಲ್ಲ. ಆದರೆ ಆ ಅಚ್ಚು ಬಿಗಿ. ಹಿಂದಿನ ಹಲ್ಲಿಗೆ ಉಗುರು ಸಿಕ್ಕಿಸಿ ಒಂದು ಬದಿ ಎಬ್ಬಿಸಬೇಕು, ಆಮೇಲೆ ಇನ್ನೊಂದು ಬದಿ. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಒಮ್ಮೆ ಲಾರಿಯವನ ಜೊತೆ ಮಾತಿಗೆ ಮಾತು ಬೆಳೆದು ಮೇಲಿನದನ್ನು ಕಿತ್ತ. ಕೆಳಗಿನದು ಬರಲೊಲ್ಲದು. ಬಾಯಲ್ಲಿ ನಾಲ್ಕು ಬೆರಳಿಟ್ಟುಕೊಂಡು ಒದ್ದಾಡುವಾಗ ಲಾರಿಯವನು ಗಾಡಿ ಹತ್ತಿ ಹೊರಟೇಹೋಗಿದ್ದ. ಗೂಳಿಗೇ ನಗು ಬಂತು.

ಕುಡಿತವೂ ಹಾಗೇ ಬಿಟ್ಟಿತು. ಮೊದಲು ಸಂಜೆ ಬಾಟಲಿ ಹಿಡಿದರೆ ಮಲಗುವವರೆಗೆ ಒಂದೊಂದೇ ಗುಟುಕು, ನಡುವೆ ಹುರಿದ ಕಡಲೆಬೀಜ. ಈಗ ಅಷ್ಟು ಹೊತ್ತು ಅಚ್ಚು ಹೊರಗಿದ್ದರೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಹೋಗುತ್ತದೆ, ನಾಲಿಗೆ ಮತ್ತೆ ಕಚ್ಚುತ್ತದೆ. ಒಂದು ದಿನ ಒಂದೇ ಉಸಿರಿಗೆ ಸುರಿದುಕೊಂಡು ಹಲ್ಲುಜ್ಜಿದ. "ಕುಡಿದು ಹಲ್ಲುಜ್ಜೋದಾದ್ರೆ ಯಾಕಾದ್ರೂ ಕುಡೀಬೇಕು, ಥೂ" ಎಂದ. ಹೆಂಡತಿ ಬಿಡಿಸಲಾಗದ ಹೆಂಡವನ್ನು ಪ್ಲಾಸ್ಟಿಕ್ಕು ಬಿಡಿಸಿತು. ನಾಲಿಗೆಯ ಹುಣ್ಣು ಬತ್ತಿತು. ಸಂಜೆ ಬಾಗಿಲಲ್ಲಿ ಕೂತು ನೀರು ಕುಡಿಯುತ್ತಿದ್ದ. ಮೈಯೆಲ್ಲ ಸೆಟೆದುಕೊಂಡು, ನಾಲಿಗೆಯಿಂದ ಅಚ್ಚನ್ನು ಒತ್ತುತ್ತ, ಬಂದ ಬೈಗುಳವನ್ನು ಉಗುಳಿನ ಜೊತೆ ನುಂಗುವುದನ್ನು ಅವಳು ನೋಡಿದ್ದಳು.

ಅವಳೊಬ್ಬಳೇ ನೋಡಿದ್ದಳು. ಉಳಿದವರು ಅವನ ಬೆರಳನ್ನು ಮಾತ್ರ ನೋಡುತ್ತಿದ್ದರು. ಟೀಗೆ ತೆಗೆದರೂ ಪಕ್ಕದವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಚರ್ಮ ಸುಲಿಯುವ ಒಬ್ಬ ಬಡಕಲ ಇದ್ದ. ಪುಕ್ಕಲ, ಬಾಯಿ ಮಾತ್ರ ಜೋರು. ಒಂದು ದಿನ ಅವನ ಕತ್ತಿ ಜಾರಿ ಒಂದಷ್ಟು ಚರ್ಮ ತೂತಾಗಿತ್ತು. ಯಜಮಾನ ಉಗಿದಾಗ ಬಡಕಲ ಗೂಳಿಯ ಕಡೆ ಕೈತೋರಿಸಿದ.

"ಲೇ ಬಡಕಲಾ, ನಿನ್ನ ಕೈ ನಡುಗಿದ್ದಕ್ಕೆ ನನ್ನ ಮಚ್ಚನ್ನ ಯಾಕೋ ಎಳೀತೀಯ?"

"ನಿನ್ನ ಕೈ ಯಾರನ್ನ ಬಿಟ್ಟಿದೆ ಹೇಳು? ಅಕ್ಕನ ಹುಬ್ಬು ನೋಡಿದ್ರೆ ಸಾಲದಾ?"

ಇಡೀ ಸಾಲಿನಲ್ಲಿ ಕತ್ತಿಗಳು ನಿಂತವು. ಗೂಳಿಯ ದವಡೆ ಅಲುಗಿತು. ಎದುರಿಗಿದ್ದ ಕುರಿಯನ್ನು ಒಂದೇ ಏಟಿಗೆ ಸೀಳಿದ. ಟೀ ಹೊತ್ತಿನ ಗಂಟೆ ಬಾರಿಸಿತು.

ಮಚ್ಚನ್ನು ಕಟ್ಟೆಯ ಮೇಲೆ ಬಿಟ್ಟು ಟೀ ಡ್ರಮ್ಮಿನ ಹತ್ತಿರ ಹೋದ. ಅಲ್ಲೇ ಬಡಕಲ ಕತ್ತಿ ಮಸೆಯುವ ಕಬ್ಬಿಣದ ಕಡ್ಡಿ ಹಿಡಿದು ನಿಂತಿದ್ದ. ಗೂಳಿ ಎಡಗೈಯಲ್ಲಿ ಲೋಟ ತುಂಬಿಸಿಕೊಂಡ. ಬಲಗೈ ಬೆರಳು ಬಾಯಿಗೆ ಹಾಕಿದ. ಮೇಲಿನ ಅಚ್ಚು ಹೊರಗೆ ಬಂತು.

ಬಡಕಲ ಕಡ್ಡಿ ಬೀಸಿದ. ಕಿವಿಯ ಹಿಂದೆ ಬಿತ್ತು. ಹಸಿ ಎಲುಬು ಒಡೆಯುವ ಸದ್ದು ಹೆಂಡತಿಗೆ ಹೊಸದಲ್ಲ, ದಿನವೂ ಕೇಳುವ ಸದ್ದು. ಗೂಳಿ ಮೋರಿಯ ಮೇಲೆ ಮುಖ ಅಡಿಯಾಗಿ ಬಿದ್ದ. ಅವನ ರಕ್ತ ಕುರಿಗಳ ರಕ್ತದ ಜೊತೆಗೇ ಹರಿಯಿತು.

ಬಿದ್ದವನು ಎದ್ದ. ಬಡಕಲನ ಗಂಟಲು ಹಿಡಿದು ಗೋಡೆಗೆ ಒತ್ತಿದ. ಬಡಕಲನ ಕಾಲು ನೆಲ ಬಿಟ್ಟಿತು, ಕಣ್ಣು ಹೊರಬಂತು. ಗೂಳಿಯ ಮುಷ್ಟಿ ಮೇಲೆದ್ದಿತು. ಹೆಂಡತಿ ಕೈಯಲ್ಲಿ ಹಸಿ ಕರುಳು ಹಿಡಿದು ತೊಟ್ಟಿಯ ಹತ್ತಿರ ನಿಂತಿದ್ದಳು. ಅವನು ತಿರುಗಿ ಅವಳನ್ನು ನೋಡಿದ.

"ಟೀ ಕುಡಿಯೋಕೆ ಕಣೋ ತೆಗೆದಿದ್ದು," ಎಂದ ಬಡಕಲನಿಗೆ. "ಬೋಳಿಮಗನೇ, ಟೀ ಕುಡಿಯೋಕೆ."

ಕೈ ಸಡಿಲಿಸಿದ. ಡ್ರಮ್ಮಿನ ಕಡೆ ಹೊರಟವನು ದಾರಿಯಲ್ಲೇ ಕುಸಿದ. ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ಬಂದು ಕೇಳಿದರು. ಎಲ್ಲರದ್ದೂ ಒಂದೇ ಮಾತು: ಗೂಳಿ ಮೂಗುದಾರ ಬಿಚ್ಚಿದ ಸಾಹೇಬ್ರೇ. ಅವರು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದರು.

ಮಣ್ಣು ಮಾಡಿದ ಮೇಲೆ ಬಡಕಲನ ಹೆಂಡತಿ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಕ್ಕಾ, ಹೋದವನು ಹೋದ. ಇರೋನ ಜೀವ ನಿನ್ನ ಬಾಯಲ್ಲಿದೆ. ಹೊಡೆಯೋಕೇ ಬಂದಿದ್ದ ಅಂತ ಒಂದು ಮಾತು ಹೇಳು."

"ಎಡಗೈಯಲ್ಲಿ ಲೋಟ ಇತ್ತು."

"ಲೋಟ ಇದ್ರೇನಕ್ಕಾ? ನಿನ್ನ ಗಂಡ ಎಂಥವನು ಅಂತ ನಿನಗೇ ಗೊತ್ತಿಲ್ವಾ? ಅವತ್ತಲ್ಲದಿದ್ರೆ ನಾಳೆ ಹೊಡೀತಿದ್ದ. ನಿನ್ನನ್ನೂ ಒಂದಿನ ಕೊಲ್ತಿದ್ದ."

ಗೂಳಿಯ ಹೆಂಡತಿ ಯೋಚಿಸಲಿಲ್ಲ. ಕೈ ತಾನೇ ಎದ್ದಿತು. ಕಪಾಳಕ್ಕೆ ಬಿದ್ದ ಏಟಿಗೆ ಬಡಕಲನ ಹೆಂಡತಿ ಬಾಗಿಲಿಗೆ ಬಡಿದು ಕೂತುಬಿಟ್ಟಳು. ತುಟಿ ಒಡೆಯಿತು. ಇನ್ನೊಂದು ಏಟಿಗೆ ಎದ್ದ ಕೈಯನ್ನು ಗೂಳಿಯ ಹೆಂಡತಿ ತನ್ನದೇ ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು.

"ತಗೋ. ಬಾಯಿ ಮುಕ್ಕಳಿಸು."

ಬಡಕಲನ ಹೆಂಡತಿ ಮುಕ್ಕಳಿಸಿ ಉಗಿದಳು. ಅಂಗಳ ಕೆಂಪಾಯಿತು.

"ನಾನು ಕಂಡಿದ್ದು ಲೋಟ. ಕೇಳಿದವರಿಗೆಲ್ಲ ಅದನ್ನೇ ಹೇಳ್ತೀನಿ. ಎದ್ದು ಹೋಗು."

ಬಾಗಿಲು ಹಾಕಿ ಅವಳು ಒಲೆಯ ಮುಂದೆ ಕೂತಳು. ಅಂಗೈ ಉರಿಯುತ್ತಿತ್ತು. ಬೆಂಕಿಗೆ ಹಿಡಿದ ಹಾಗೆ ಉರಿಯುತ್ತಿತ್ತು. ಹೊಡೆದವರ ಕೈ ಇಷ್ಟು ಉರಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವನು ಯಾವತ್ತೂ ಹೇಳಿರಲಿಲ್ಲ.