ಎದುರಾಳಿಗಳೇ ಆರಿಸುತ್ತಿದ್ದ ಆಟಗಾರ

ಗಲ್ಫಿನಲ್ಲಿ ನಾನು ದುಡಿಯುವ ಘಾಲಾದ ವರ್ಕ್‌ಶಾಪಿನಿಂದ ಬಂದವನು ಸೊಂಟಕ್ಕೆ ನೋವಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮಗ ಮೊಬೈಲ್ ಹಿಡಿದು, ಅಮೆರಿಕದ ಬೇಸ್‌ಬಾಲಿನಲ್ಲಿ ಕಳೆದ ಸೀಸನ್ನಿನ ಬೆಸ್ಟ್ ಆಟಗಾರರು ಯಾರೆಂದು ಅಂಕಿಗಳನ್ನು ಓದುತ್ತಿದ್ದ. ಎಣ್ಣೆಯ ಘಾಟು ಮೂಗಿಗೆ ಏರುತ್ತಿದ್ದಂತೆ ನನಗೆ ಅಪ್ಪನ ಮೊಣಕಾಲು ನೆನಪಾಯಿತು; ಮಗನಿಗೆ ಅದರ ಕಥೆ ಹೇಳತೊಡಗಿದೆ.

ಅಪ್ಪ ನಮ್ಮೂರ ಕಬಡ್ಡಿ ತಂಡದಲ್ಲಿ ರೈಡರನ್ನು ಹಿಡಿಯುವವರು. ಕೊಯ್ಲು ಮುಗಿದ ಮೇಲೆ ಶುರುವಾದ ಆಟಗಳು ಮಳೆಗೆ ಮೊದಲು ಮುಗಿಯುತ್ತಿದ್ದವು. ಕೊನೆಯ ದಿನ ಎಲ್ಲ ಊರಿನ ಆಟಗಾರರೂ ಗದ್ದೆಯಲ್ಲಿ ಕೂತು ಆ ವರ್ಷದ ಅತ್ಯುತ್ತಮ ಆಟಗಾರನನ್ನು ಆರಿಸುತ್ತಿದ್ದರು. ತಮ್ಮ ತಂಡದವರ ಹೆಸರು ಹೇಳುವಂತಿಲ್ಲ, ಎದುರಾಳಿಯ ಹೆಸರನ್ನೇ ಹೇಳಬೇಕು. ಗೆದ್ದವನಿಗೆ ಒಂದು ಬಾಳೆಗೊನೆ.

ಒಂದು ಸಲ, ಅದು ಅಪ್ಪ ಆಡಿದ ಕೊನೆಯ ವರ್ಷ. ಒಮ್ಮೆಯಾದರೂ ಗೊನೆ ಹೊತ್ತು ಮನೆಗೆ ಬರಬೇಕೆಂಬ ಆಸೆ. ಬಂದ ಹೆಸರುಗಳನ್ನು ಎಣಿಸಿದಾಗ ಅಪ್ಪನೂ ಪಕ್ಕದೂರಿನ ರೈಡರ್ ಸೇಸಪ್ಪನೂ ಸಮ. ಹೆಸರು ಹೇಳಲು ಉಳಿದವರು ಅಪ್ಪ ಒಬ್ಬರೇ.

“ಸೇಸಪ್ಪ,” ಎಂದರು.

ಮನೆಯಲ್ಲಿ ಅಮ್ಮ ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಬೈದಳು. “ಬೇರೆ ಯಾರದ್ದಾದರೂ ಹೆಸರು ಹೇಳಿದ್ದರೆ ಅರ್ಧ ಗೊನೆಯಾದರೂ ಬರ್ತಿತ್ತು!”

“ಅವನನ್ನು ಹಿಡಿಯಲಿಕ್ಕೆ ಹೋಗಿಯೇ ಈ ಕಾಲು ಹೋದದ್ದು ಮಾರಾಯ್ತಿ. ಅವ ಎಂಥ ಆಟಗಾರ ಅಂತ ನನಗಿಂತ ಹೆಚ್ಚು ಯಾರಿಗೆ ಗೊತ್ತು?” ಎಂದು ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಇದನ್ನು ಕೇಳಿದ ಮಗ, “ದಟ್ಸ್ ನಾಟ್ ಫೇರ್, ಪಪ್ಪಾ” ಎಂದ. ನಾನು ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿದೆ. ಅವನು ಮೊಬೈಲ್ ಕೆಳಗಿಟ್ಟು ಮೆಲ್ಲಗೆ ಕೇಳಿದ, “ಅಜ್ಜ ಅತ್ರಾ?”

“ಗೊತ್ತಿಲ್ಲ ಮಗಾ. ಮುಖ ಗೋಡೆಯ ಕಡೆಗಿತ್ತು.”