ರುದ್ರಮ್ಮನ ಕಾಯಿಬೆಣ್ಣೆ

ರುದ್ರಮ್ಮನ ಮನೆಯಲ್ಲಿ ಬೆಣ್ಣೆ ಎಂಬ ಮಾತನ್ನು ಆಡುವಂತಿರಲಿಲ್ಲ. ಆಡಿದರೆ ಯಾರೂ ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅವಳ ಅತ್ತೆ ಗುರುಸಿದ್ದಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿ, ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದಳು, ಅಷ್ಟೆ. ಆಮೇಲೆ ಆ ಹೊತ್ತಿನ ಊಟ ಮುಗಿದ ಹಾಗೆ. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು ಎಂದು ರುದ್ರಮ್ಮನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಅವರದು ಶನಿವಾರಸಂತೆಯಿಂದಾಚೆ, ಹಾಸನದ ಗಡಿಗೆ ತಾಗಿಕೊಂಡಂತಿದ್ದ ಊರು. ಕೊಡಗನ್ನು ಇಂಗ್ಲಿಷರು ಆಳುತ್ತಿದ್ದ ಕಾಲ. ಗುರುಸಿದ್ದಮ್ಮ ಆ ಸುತ್ತಿಗೆಲ್ಲ ಬೆಣ್ಣೆಗೆ ಹೆಸರಾದವಳು. ಕಾಫಿ ತೋಟದ ದೊರೆಯ ಬಂಗಲೆಗೂ ಬಾಳೆಯೆಲೆಯಲ್ಲಿ ಸುತ್ತಿದ ಅವಳ ಬೆಣ್ಣೆಯೇ ಹೋಗುತ್ತಿತ್ತು. ಗಂಡ ತೀರಿಹೋದ ಮೇಲೆ ಮಗ ಶಿವಶಂಕರಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಆ ಬೆಣ್ಣೆಯಿಂದಲೇ. ರುದ್ರಮ್ಮ ಸೊಸೆಯಾಗಿ ಬಂದಾಗ ಮುದುಕಿ ಒಲೆ, ನೀರು, ಗದ್ದೆ ಎಲ್ಲವನ್ನೂ ಬಿಟ್ಟುಕೊಟ್ಟಳು. ಕಡಗೋಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ರುದ್ರಮ್ಮನಿಗೂ ಅದು ಬೇಕಿರಲಿಲ್ಲ. ಇದ್ದ ಕೆಲಸವೇ ಸೊಂಟ ಮುರಿಯುವಷ್ಟಿತ್ತು.

ಆಮೇಲೆ ದನಗಳಿಗೆ ದೊಡ್ಡರೋಗ ಬಂತು. ದನದ ಡಾಕ್ಟರು ಸೂಜಿ ಹಿಡಿದು ಊರಿಗೆ ಬರುವ ಹೊತ್ತಿಗೆ ಈ ಮನೆಯ ಕೊಟ್ಟಿಗೆ ಗುಡಿಸಿಟ್ಟಂತೆ ಬರಿದಾಗಿತ್ತು. ಗೌರಿ, ಕೆಂಪಿ, ತುಂಬೆ, ಇನ್ನೂ ಹೆಸರಿಡದ ಕರುಗಳು, ಉಳುವ ಜೋಡಿ, ಎಲ್ಲವೂ ಹೋದವು. ಗುರುಸಿದ್ದಮ್ಮ ಅಳಲಿಲ್ಲ. ಮಾರನೆಯ ಬೆಳಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಎಂದಿನಂತೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತವಳು ಮನೆಗೆಲ್ಲ ಕೇಳುವಂತೆ ಹೇಳಿದಳು:

“ನಮ್ಮ ಕೊಟ್ಟಿಗೇಲಿ ಕರ ಕೂಗೋಗಂಟ ಬೆಣ್ಣೆ ನನ್ನ ನಾಲಗೆ ಮೇಲೆ ಬರಂಗಿಲ್ಲ.”

ತಿನ್ನುವುದಿಲ್ಲ ಎಂದು ಆಣೆ ಮಾಡಿಕೊಂಡಳು ಎಂದುಕೊಂಡರು ಎಲ್ಲರೂ. ಮುದುಕಿಯ ಲೆಕ್ಕವೇ ಬೇರೆ. ನಾಲಗೆಯ ಮೇಲೆ ತುತ್ತೂ ಬರುತ್ತದೆ, ಮಾತೂ ಬರುತ್ತದೆ. ಲಿಂಗದ ಮುಂದೆ ಆಡಿದ ಮೇಲೆ ಎರಡೂ ಸೇರಿತು ಎಂದಳು. ಅಂದಿನಿಂದ ಅವಳು ಬೆಣ್ಣೆ ತಿನ್ನಲಿಲ್ಲ, ಅದರ ಹೆಸರನ್ನೂ ಎತ್ತಲಿಲ್ಲ. ತುಪ್ಪ ಅದರ ಹೊಟ್ಟೆಯಲ್ಲೇ ಹುಟ್ಟಿದ್ದಲ್ಲವೇ ಎಂದು ತುಪ್ಪವನ್ನೂ ಬಿಟ್ಟಳು. ಹೇಳಲೇಬೇಕಾಗಿ ಬಂದರೆ ‘ಬಿಳೀದು’ ಎನ್ನುತ್ತಿದ್ದಳು. ಊಟಕ್ಕೆ ಕೂತಾಗ ಬೇರೆಯವರು ಆ ಹೆಸರೆತ್ತಿದರೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಊರಿನವರು ಕೆಲವು ದಿನ ನಕ್ಕರು, ಆಮೇಲೆ ಮರೆತರು. ಮರೆಯುವ ಹಾಗಿಲ್ಲದವಳು ರುದ್ರಮ್ಮ ಒಬ್ಬಳೇ. ಮುದುಕಿಗೆ ಉಣಬಡಿಸಬೇಕಾದವಳು ಅವಳಲ್ಲವೇ.

ಶಿವಶಂಕರಪ್ಪ ಹೇಗೋ ಮಾಡಿ ಗಾಡಿಗೆ ಒಂದು ಜೋಡಿ ಎತ್ತು ಕಟ್ಟಿದ. ತೋಟಗಳ ಕಾಫಿ ಮೂಟೆ ಹೇರಿಕೊಂಡು ಊರೂರು ಹೋಗುವುದು ಅವನ ಕಸುಬಾಯಿತು. ಮನೆಗೆ ಬಂದರೆ ನಿದ್ದೆ, ಎದ್ದರೆ ಗಾಡಿ. ಕಡೆಗೊಮ್ಮೆ ಒಂದು ಹಸುವನ್ನೂ ತಂದ. ಅದು ಗಬ್ಬವಾಯಿತು. ಮುದುಕಿ ದಿನಾ ಕೊಟ್ಟಿಗೆಗೆ ಹೋಗಿ ಅದರ ಹೊಟ್ಟೆ ಸವರಿ ಬರುತ್ತಿದ್ದಳು. ಹಸು ಈಯಿತು, ಆದರೆ ಕರು ಸತ್ತೇ ಹುಟ್ಟಿತು. “ಕೂಗಲಿಲ್ಲವಲ್ಲ” ಎಂದಷ್ಟೇ ಹೇಳಿ ಗುರುಸಿದ್ದಮ್ಮ ಒಳಗೆ ಬಂದಳು. ಕರುವಿಲ್ಲದೆ ಹಸು ಹಾಲಿಳಿಸಲಿಲ್ಲ. ಮತ್ತೆ ಅದು ಗಬ್ಬವಾಗಲೂ ಇಲ್ಲ. ಸುಮ್ಮನೆ ಹುಲ್ಲು ತಿಂದುಕೊಂಡು, ಮನೆಯಲ್ಲಿ ತಾನೂ ಒಬ್ಬಳು ಹಿರಿಯಳು ಎಂಬಂತೆ ಇದ್ದುಬಿಟ್ಟಿತು.

ವರ್ಷಗಳು ಕಳೆದಂತೆ ಮುದುಕಿಯ ಕಣ್ಣಿಗೆ ಪೊರೆ ಬಂತು, ಹಲ್ಲು ಉದುರಿತು. ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಪಕ್ಕದ ಮನೆಯ ಹಾಲಿನಲ್ಲಿ ನೆನೆಸಿ ಕೊಟ್ಟರೆ ಓಕರಿಸುವಳು. ಗಂಜಿ ಕೊಟ್ಟರೆ, “ನಾನೇನು ಸಾಯಕ್ಕೆ ಮಲಗಿದ್ದೀನಾ?” ಎನ್ನುವಳು. ಹುಟ್ಟಿದಾಗಿನಿಂದ ಬಿಸಿ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ಕರಗಿಸಿಕೊಂಡು ತಿಂದ ನಾಲಗೆ ಅದು. ಬೇರೆ ಏನು ಕೊಟ್ಟರೂ ಒಪ್ಪಲಿಲ್ಲ. ಮುದುಕಿ ಕಡ್ಡಿಯಂತಾದಳು. ಉಣ್ಣಿಸಲಾರದೆ ಸಾಯಿಸಿದಳು ಎಂದು ನಾಳೆ ಊರು ತನ್ನನ್ನೇ ಆಡಿಕೊಳ್ಳುತ್ತದೆ ಎಂದು ರುದ್ರಮ್ಮ ಹೆದರಿದಳು. ಊರಿನ ಮಾತು ಹಾಗಿರಲಿ, ಎದುರಿಗೆ ಕೂತ ಜೀವ ಸವೆಯುವುದನ್ನು ನೋಡಲು ಅವಳಿಂದಲೇ ಆಗುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ತಾನಾಗಿಯೇ. ಒಂದು ಮಾಗಿಯ ಚಳಿಯಲ್ಲಿ ಉಂಡೆ ಕಟ್ಟಬೇಕೆಂದು ರುದ್ರಮ್ಮ ಬಲಿತ ಕಾಯಿಯ ತುರಿಯನ್ನು ನೀರು ಸೋಕಿಸದೆ ನುಣ್ಣಗೆ ರುಬ್ಬಿ ಬಟ್ಟಲಿಗೆ ತುಂಬಿದಳು. ಗದ್ದೆಯ ಕೆಲಸದ ನಡುವೆ ಉಂಡೆಯ ಮಾತು ಮರೆತೇಹೋಯಿತು. ಮಾರನೆಯ ಬೆಳಗ್ಗೆ ನೋಡಿದರೆ ಬಟ್ಟಲಲ್ಲಿದ್ದದ್ದು ಬೆಳ್ಳಗೆ, ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬಿಸಿ ರೊಟ್ಟಿಯ ಮೇಲೆ ಸವರಿದರೆ ಬೆಣ್ಣೆಯಂತೆಯೇ ಕರಗಿತು. ಒಂದು ಚೂರು ಬಾಯಿಗೆ ಹಾಕಿಕೊಂಡವಳು ಓಡುತ್ತಲೇ ಅತ್ತೆಯ ಮುಂದೆ ಹೋದಳು.

“ಅತ್ತೆಮ್ಮ, ಕಾಯಿಬೆಣ್ಣೆ ಮಾಡಿದ್ದೀನಿ, ತಿಂದು ನೋಡಿ.”

ಮುದುಕಿ ಗೋಡೆಯ ಕಡೆ ತಿರುಗಿದಳು.

“ದನದ್ದಲ್ಲ ಅತ್ತೆಮ್ಮ, ಕಾಯಿಂದು.”

“ಯಾವುದರದಾದರೇನು? ಹೆಸರು ಅದೇ ಅಲ್ವಾ?”

ಅವಸರದ ನಾಲಗೆ ಮಾಡಿದ ಕೆಲಸ. ಅಂದು ಮುದುಕಿ ಉಪವಾಸವೇ ಮಲಗಿದಳು. ಮಾರನೆಯ ದಿನ ರುದ್ರಮ್ಮ ಬಾಯಿ ಬಿಡದೆ ತಟ್ಟೆ ಮುಂದಿಟ್ಟಳು. “ಏನಿದು?” ಎಂದು ಮುದುಕಿ ಕೇಳಿದಾಗ ‘ಕಾಯಿದು’ ಎಂದು ಅರ್ಧ ಹೆಸರು ಹೇಳಿದಳು. ಮುದುಕಿ ಮೂಸಿದಳು, ಚೂರು ಮುರಿದು ಬಾಯಿಗೆ ಹಾಕಿಕೊಂಡಳು, ಮತ್ತೆ ಮುರಿದಳು. ರೊಟ್ಟಿ ಪೂರಾ ಮುಗಿಯಿತು. ತಟ್ಟೆ ತೆಗೆಯುವಾಗ ರುದ್ರಮ್ಮನ ಕಣ್ಣು ತುಂಬಿಬಂತು. ಆ ಸಂತೋಷವೇ ಮುಂದೆ ತನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಏಕೆಂದರೆ ‘ಕಾಯಿದು’ ಮಾಡುವುದೆಂದರೆ ಮಜ್ಜಿಗೆ ಕಡೆದಂತಲ್ಲ. ಅರಕಲಗೂಡಿನ ಕಡೆಯಿಂದ ಸಂತೆಗೆ ಬರುವ ಕಾಯಿಗಳನ್ನು ಕಿವಿಯ ಹತ್ತಿರ ಅಲುಗಿಸಿ, ನೀರು ಕಡಿಮೆಯಾದ ಬಲಿತದ್ದನ್ನೇ ಆರಿಸಬೇಕು. ತುರಿಯುವಾಗ ಒಳಗಿನ ಕಂದು ಸಿಪ್ಪೆ ಸೇರಬಾರದು. ಸೇರಿದರೆ ಬಣ್ಣವೂ ಕೆಡುತ್ತದೆ, ರುಚಿಯೂ ಕೆಡುತ್ತದೆ. ತುರಿಯನ್ನು ಕೆಂಪಾಗದ ಹಾಗೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡು ಒರಳಿಗೆ ಹಾಕಿ ಕೂತರೆ, ಆಮೇಲೆ ಗುಂಡು ತಿರುಗಿಸುವುದೇ ತಿರುಗಿಸುವುದು. ಒಂದು ಹನಿ ನೀರು ಬಿತ್ತೋ ಅದು ಚಟ್ನಿ. ಮೊದಲು ರವೆಯ ಹಾಗಿರುತ್ತದೆ, ಆಮೇಲೆ ಒರಳಿನ ಗೋಡೆಗೆ ಹೋಗಿ ಅಂಟುತ್ತದೆ, ಕೈಯಿಂದ ಬಳಿದು ಬಳಿದು ನಡುವಿಗೆ ತರಬೇಕು. ಇನ್ನು ಆಗುವುದಿಲ್ಲ, ಏಳೋಣ ಎನ್ನಿಸುವ ಹೊತ್ತಿಗೆ ಗುಂಡಿನ ಸದ್ದು ಬದಲಾಗುತ್ತದೆ. ಒಣ ಸದ್ದು ಹೋಗಿ ಜಾರುವ ಸದ್ದು ಬರುತ್ತದೆ. ಆಗ ಎಣ್ಣೆ ಬಿಟ್ಟಿತು ಎಂದು ಲೆಕ್ಕ. ಇಷ್ಟು ಮಾಡಿ ಬಟ್ಟಲು ತುಂಬಿಟ್ಟರೂ ಬಹಳ ದಿನ ಇಡುವಂತಿಲ್ಲ. ಮುದುಕಿಗೆ ಕಣ್ಣು ಹೋದದ್ದೆಲ್ಲ ಮೂಗಿಗೆ ಬಂದು ಸೇರಿತ್ತು. “ಕಮಟು” ಎಂದು ತಟ್ಟೆ ಸರಿಸಿದಳೆಂದರೆ ರುದ್ರಮ್ಮ ಮತ್ತೆ ಒರಳಿನ ಮುಂದೆ.

ಹೀಗೆ ಅವಳ ನಡುವಯಸ್ಸು ಆ ಒರಳಿನಲ್ಲಿ ಅರೆದುಹೋಯಿತು. ತಂಗಿಯ ಮಗಳ ಮದುವೆಗೂ ಬೆಳಗ್ಗೆ ಹೋಗಿ ಸಂಜೆಗೆ ಬಂದಳು; ಉಳಿದುಕೊಂಡರೆ ಇಲ್ಲಿ ರುಬ್ಬುವವರು ಯಾರು? ಗಂಡ ಒಮ್ಮೆ, “ಅವ್ವಂಗೆ ಹೇಳಿ ಆಣೆ ಬಿಡಿಸೋಣ ಕಣೆ” ಎಂದಿದ್ದ. ಹೇಳಲು ಹೋದವನು ತಾಯಿಯ ಮುಖ ನೋಡಿ ಎತ್ತಿಗೆ ಹುಲ್ಲು ಹಾಕಲು ಎದ್ದುಹೋದ. ರುದ್ರಮ್ಮನಿಗೆ ಯಾರ ಮೇಲೂ ಕೋಪ ಬರುತ್ತಿರಲಿಲ್ಲ. ಕೋಪ ಬರಲಿಕ್ಕೂ ಮೈಯಲ್ಲಿ ತ್ರಾಣ ಬೇಕು. ಅವಳಿಗೆ ಸಾಕಾಗಿತ್ತು, ಅಷ್ಟೆ. ಮಲಗಿ ಎದ್ದರೆ ಹೋಗುವ ದಣಿವಲ್ಲ ಅದು. ಎದ್ದಾಗ ಅವಳಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು.

ಆ ವರ್ಷದ ಮಾಗಿಯಲ್ಲಿ ಅವಳ ಬಲಗೈಯ ಮಣಿಕಟ್ಟು ಊದಿಕೊಂಡಿತು. ಉಪ್ಪಿನ ಶಾಖ ಕೊಟ್ಟಳು, ಎಲೆ ಕಟ್ಟಿದಳು. ರೊಟ್ಟಿ ತಟ್ಟುವಾಗ ಎಡಗೈ ನೆರವಿಗೆ ಬರುತ್ತಿತ್ತು. ಗುಂಡು ಮಾತ್ರ ಎಡಗೈಗೆ ಬಗ್ಗಲಿಲ್ಲ. ಎರಡು ಸುತ್ತು ತಿರುಗಿಸಿ ಹಲ್ಲು ಕಚ್ಚಿಕೊಂಡು ಕೂತಿದ್ದಾಗ ಪಕ್ಕದ ಮನೆಯ ಚನ್ನಬಸಮ್ಮ ಬೆಂಕಿ ಕೇಳಲು ಬಂದಳು. ಅವಳು ರುದ್ರಮ್ಮನಿಗಿಂತ ಹಿರಿಯಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

“ಏನೇ ರುದ್ರಮ್ಮ, ಕೈ ಕುಂಬಳಕಾಯಿ ಆಗೈತೆ?”

“ಏನಿಲ್ಲ ಚನ್ನಬಸಕ್ಕ, ಚಳಿಗೆ.”

“ಚಳಿಗಂತೆ. ಆ ಮುದುಕಿ ನಿನ್ನ ತಿಂದೇ ಹೋಗೋದು. ತಡಿ.” ಬೆಂಕಿ ಮರೆತು ಮನೆಗೆ ಹೋದವಳು ಬಾಳೆಯೆಲೆಯ ಪೊಟ್ಟಣದೊಂದಿಗೆ ಬಂದು ಒರಳಿನ ಪಕ್ಕ ಇಟ್ಟಳು. “ನಮ್ಮ ಎಮ್ಮೇದಲ್ಲ, ಹಸುವಿಂದೇ. ಬೆಳಗ್ಗೆ ಕಡೆದಿದ್ದು. ಕಾಯಿದು ಅಂತ ಹೇಳಿ ಹಚ್ಚಿಕೊಡು. ಕಣ್ಣು ಕಾಣದೋಳಿಗೆ ಏನು ಗೊತ್ತಾಯ್ತದೆ?”

“ಆಣೆ ಅಕ್ಕ.”

“ಆಣೆ ಇಟ್ಟೋಳು ಅವಳು. ಕೈ ನಿಂದು.”

ಚನ್ನಬಸಮ್ಮ ಹೋದ ಮೇಲೆ ರುದ್ರಮ್ಮ ಆ ಪೊಟ್ಟಣವನ್ನು ಬಹಳ ಹೊತ್ತು ಮುಟ್ಟಲಿಲ್ಲ. ಇಷ್ಟು ವರ್ಷ ಆ ಮುದುಕಿ ಕಾಯ್ದುಕೊಂಡು ಬಂದದ್ದು ಇದೊಂದನ್ನೇ. ಕಣ್ಣು ಹೋಯಿತು, ಹಲ್ಲು ಹೋಯಿತು, ಕೊಟ್ಟಿಗೆ ಹೋಯಿತು, ಆಡಿದ ಮಾತೊಂದು ಉಳಿದಿತ್ತು. ಅದನ್ನು ಸೊಸೆಯಾದವಳು ಕದ್ದು ಮುರಿದರೆ ಆ ಪಾಪ ಯಾವ ನೀರಿನಲ್ಲಿ ತೊಳೆದರೆ ಹೋಗುತ್ತದೆ? ಮತ್ತೊಮ್ಮೆ ಗುಂಡಿಗೆ ಕೈ ಹಾಕಿದಳು. ನೋವು ಭುಜದವರೆಗೆ ಏರಿತು. ನಿನ್ನೆಯೇ ಬಟ್ಟಲು ಬರಿದಾಗಿತ್ತು. ರಾತ್ರಿ ಮುದುಕಿ ಒಣ ರೊಟ್ಟಿಯನ್ನು ಎರಡು ಚೂರು ಚಪ್ಪರಿಸಿ ಬಿಟ್ಟಿದ್ದಳು. ರುದ್ರಮ್ಮ ಪೊಟ್ಟಣ ಬಿಚ್ಚಿದಳು.

ರೊಟ್ಟಿ ಬೆಂದ ಮೇಲೆ ಬೆಣ್ಣೆ ಸವರಿದಳು. ಆ ಮನೆಯಲ್ಲಿ ಬಹಳ ಕಾಲದಿಂದ ಏಳದಿದ್ದ ವಾಸನೆ ಎದ್ದಿತು. ಅವಳು ಹೆದರಿ ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿದಳು.

ಮುದುಕಿ ನಡುಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ತಟ್ಟೆ ಮುಂದಿಟ್ಟ ಸದ್ದಿಗೆ ಮುಖವೆತ್ತಿದಳು.

“ಏನಿದು?”

“ಕಾಯಿದು ಅತ್ತೆಮ್ಮ.”

ಮುದುಕಿ ರೊಟ್ಟಿ ಮುಟ್ಟಲಿಲ್ಲ. “ಇವತ್ತು ಒರಳಿನ ಸದ್ದು ಎರಡು ಸುತ್ತಿಗೇ ನಿಂತೋಯ್ತು” ಎಂದಳು.

ಈಗ ಗೋಡೆಯ ಕಡೆ ತಿರುಗುತ್ತಾಳೆ, ಇನ್ನು ತನ್ನ ಕೈಯಿಂದ ನೀರೂ ಮುಟ್ಟುವುದಿಲ್ಲ ಎಂದುಕೊಂಡಳು ರುದ್ರಮ್ಮ.

“ಕೈ ಕೊಡಿಲ್ಲಿ. ಬಲಗೈ.”

ಕೊಟ್ಟಳು. ಮುದುಕಿಯ ಬೆರಳುಗಳು ಮಣಿಕಟ್ಟಿನ ಸುತ್ತ ಮೆಲ್ಲಗೆ ಹರಿದವು, ಗಬ್ಬದ ಹಸುವಿನ ಹೊಟ್ಟೆ ಸವರುತ್ತಿದ್ದ ಹಾಗೆ. ಊದಿಕೊಂಡ ಕಡೆ ಬಂದು ನಿಂತವು.

“ಯಾವಾಗಿಂದ?”

“ಆಯ್ತು ಸುಮಾರು ದಿನ.”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಉಣ್ಣೋದು ಬಿಡ್ತಿದ್ರಿ.”

ಮುದುಕಿ ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ, “ನೀರು ತಗಂಬಾ, ಕೈ ತೊಳೀಬೇಕು” ಎಂದಳು. ಪೂಜೆ ಬೆಳಗ್ಗೆಯೇ ಆಗಿತ್ತು. ಆದರೂ ರುದ್ರಮ್ಮ ತಂಬಿಗೆ ತಂದು ನೀರು ಹಾಕಿದಳು. ಮುದುಕಿ ಕೈ ತೊಳೆದು, ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳು. ಕಾಣದ ಕಣ್ಣನ್ನು ಅದರ ಮೇಲಿಟ್ಟು ತುಟಿ ಅಲುಗಿಸಿದಳು. ಮೊದಲು ಸದ್ದು ಬರಲಿಲ್ಲ. ಬಹಳ ದಿನ ಮುಚ್ಚಿದ್ದ ಬಾಗಿಲಿನಂತೆ ಆ ಮಾತು ಬಿಗಿದುಕೊಂಡಿತ್ತು.

“ಬೆಣ್ಣೆ” ಎಂದಳು.

ರುದ್ರಮ್ಮ ತಂಬಿಗೆ ಕೆಳಗಿಟ್ಟಳು.

“ಬೆಣ್ಣೆ” ಎಂದು ಮುದುಕಿ ಮತ್ತೊಮ್ಮೆ ಎಂದಳು. “ನಾಲಗೆ ಮೇಲೆ ಬಂದೋಯ್ತು. ನಾನೇ ತಂದೆ, ನನ್ನ ಬಾಯಿಂದಲೇ. ಇನ್ನು ನೀನು ಏನು ತಿನ್ನಿಸಿದರೂ ನಿನ್ನ ಮೇಲೆ ಏನೂ ಇಲ್ಲ ಕಣೆ ರುದ್ರಿ.”

ರುದ್ರಮ್ಮ ಅತ್ತಳು. ತಪ್ಪಿಗೆ ಅತ್ತಳೋ, ದಣಿವಿಗೆ ಅತ್ತಳೋ, ತನ್ನ ಕೈಯನ್ನು ಇಷ್ಟು ವರ್ಷದಲ್ಲಿ ಮೊದಲ ಸಲ ಅತ್ತೆ ಮುಟ್ಟಿ ನೋಡಿದಳಲ್ಲ ಎಂದು ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಮುದುಕಿ ಅವಳ ಅಳು ಮುಗಿಯುವವರೆಗೆ ಕಾದಳು. ಲಿಂಗವನ್ನು ಕರಡಿಗೆಗೆ ಸೇರಿಸಿ ಕಟ್ಟಿಕೊಂಡು ಬಾಯಿ ತೆರೆದಳು. ರುದ್ರಮ್ಮ ಎಡಗೈಯಲ್ಲಿ ಕಣ್ಣೊರೆಸಿಕೊಂಡು, ರೊಟ್ಟಿ ಮುರಿದು ಒಂದು ತುತ್ತು ಇಟ್ಟಳು.

ಮುದುಕಿ ಬಹಳ ಹೊತ್ತು ಆ ತುತ್ತನ್ನು ಬಾಯಲ್ಲಿ ಆಡಿಸಿದಳು. ಒಂದು ಕಾಲಕ್ಕೆ ದೊರೆಯ ಬಂಗಲೆಗೆ ಬೆಣ್ಣೆ ಕಳಿಸಿದವಳು. ಬೇರೆ ಮನೆಯ ಬೆಣ್ಣೆಯಲ್ಲಿ ಹುಳುಕು ಹುಡುಕದೆ ಇರುವವಳಲ್ಲ.

“ಚನ್ನಬಸೀದು. ಮಜ್ಜಿಗೆ ಹೋಗೋ ಹಂಗೆ ತೊಳೆದಿಲ್ಲ” ಎಂದಳು. ನುಂಗಿದಳು. “ನಿನ್ನ ಕಾಯಿದೇ ಚೆನ್ನಾಗಿತ್ತು.”

ರುದ್ರಮ್ಮ ಅಳುವಿನ ನಡುವೆಯೇ ನಕ್ಕುಬಿಟ್ಟಳು. “ಕೈ ವಾಸಿಯಾಗಲಿ ಅತ್ತೆಮ್ಮ, ಮಾಡಿಕೊಡ್ತೀನಿ.”

“ಬ್ಯಾಡ” ಎಂದಳು ಮುದುಕಿ. “ಒರಳು ಮಗುಚಿ ಹಾಕು” ಎಂದು ಮುಂದಿನ ತುತ್ತಿಗೆ ಬಾಯಿ ತೆರೆದಳು.