ಪುಂಡಿಪಲ್ಯದ ಬಟ್ಟಲು

ನಮ್ಮ ಓಣಿಯಲ್ಲಿ ಮಧ್ಯಾಹ್ನವಾಗುತ್ತಲೇ ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುತ್ತದೆ. ಆಮೇಲೆ ಬಟ್ಟಲುಗಳ ಓಡಾಟ ಶುರುವಾಗುತ್ತದೆ. ಯಾರ ಮನೆಯಲ್ಲಿ ಯಾವ ಪಲ್ಯ ಮಾಡಿದ್ದರೂ ಅದರಲ್ಲಿ ಒಂದು ಬಟ್ಟಲು ಎದುರು ಮನೆಗೋ ಪಕ್ಕದ ಮನೆಗೋ ಹೋಗಬೇಕು. ಬಂದ ಬಟ್ಟಲನ್ನು ಬರಿದಾಗಿ ತಿರುಗಿಸುವಂತಿಲ್ಲ. ಅಂದೇ ಆಗದಿದ್ದರೆ ಮರುದಿನ, ಏನೂ ಇಲ್ಲದಿದ್ದರೆ ಒಂದು ಹಿಡಿ ಶೇಂಗಾ ಚಟ್ನಿಪುಡಿಯನ್ನಾದರೂ ಹಾಕಿ ಕಳಿಸಬೇಕು. ನಾನೂ ನನ್ನ ಅಕ್ಕನೂ ಗಜೇಂದ್ರಗಡದ ಈ ಓಣಿಗೆ ಬಂದ ದಿನದಿಂದ ಕಂಡ ಪದ್ಧತಿ ಇದು.

ನಮ್ಮ ಮನೆಯ ಪಾಲಿನ ಬಟ್ಟಲು ತುಂಬುತ್ತಿದ್ದವಳು ಅಕ್ಕ. ನಾನು ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಮೊದಲು ನರಗುಂದ, ಆಮೇಲೆ ರೋಣ. ತರಬೇತಿಯಲ್ಲಿ ಹಾಸಿಗೆಯ ಚಾದರದ ಮೂಲೆ ಮಡಚುವುದರಿಂದ ಹಿಡಿದು ಎಲ್ಲಕ್ಕೂ ಒಂದು ಕ್ರಮವಿತ್ತು. ಆ ಕ್ರಮ ಮೈಗೆ ಹತ್ತಿತು, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ನಾನು ಮದುವೆಯಾಗಲಿಲ್ಲ. ಅಕ್ಕ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಸೂಟಿಯಿಂದ ನನ್ನ ಬಳಿಗೆ ಬಂದಳು. ಅಂದಿನಿಂದ ಮನೆಯಲ್ಲಿ ಒಲೆ ಅವಳದು, ಗಡಿಯಾರ ನನ್ನದು. ನಾನು ಡ್ಯೂಟಿಯಿಂದ ಬಂದಾಗ ತಾಟು ಹಾಕಿರುತ್ತಿತ್ತು. ಅಡುಗೆ ಕಲಿಯಬೇಕೆಂದು ನನಗೂ ಅನ್ನಿಸಲಿಲ್ಲ, ಅವಳೂ ಹೇಳಲಿಲ್ಲ.

ಊಟ ಮುಗಿದ ಮೇಲೆ ಓಣಿಯ ಹೆಂಗಸರು ಎದುರು ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಎದುರು ಮನೆಯಾಕೆ ನನಗಿಂತ ಎರಡು ವರ್ಷ ದೊಡ್ಡವಳು, ಈಗಲೂ ಸೀರೆ ನೇಯುತ್ತಾಳೆ. ಕಟ್ಟೆಯ ಮೇಲೆ ಬೇರೆ ಮಾತು ಕಡಿಮೆ, ತಿಂದದ್ದರ ವಿಚಾರಣೆಯೇ ಹೆಚ್ಚು. ಹಿಟ್ಟು ಹಳೆಯದಾಗಿ ರೊಟ್ಟಿ ಹರಿಯುತ್ತಿದ್ದರೆ ಕುದಿಯುವ ನೀರಿನಲ್ಲೇ ನಾದಬೇಕು. ಅಗಸಿ ಹುರಿಯುವಾಗ ಚಟಪಟ ನಿಂತ ಕೂಡಲೇ ಇಳಿಸಬೇಕು, ಇಲ್ಲದಿದ್ದರೆ ಕಹಿ. ಪಲ್ಯದ ಬೆಳ್ಳುಳ್ಳಿಯನ್ನು ಸಿಪ್ಪೆಯೊಂದಿಗೆ ಜಜ್ಜಬೇಕು. ಇಂಥವು ದಿನಕ್ಕೊಂದಾದರೂ ಹೊರಬೀಳುತ್ತಿದ್ದವು. ಮೆಚ್ಚುಗೆ ಮಾತ್ರ ಸಲೀಸಾಗಿ ಸಿಗುತ್ತಿರಲಿಲ್ಲ.

"ಯಾಕ ಬೇ, ಇವತ್ತ ಬದನಿಕಾಯಿಗೆ ಉಪ್ಪ ಹಾಕೂದ ಮರತಿದ್ದೇನ?" ಎಂದು ಎದುರು ಮನೆಯಾಕೆ ಅಕ್ಕನನ್ನು ಕೆಣಕುತ್ತಿದ್ದಳು.

"ನಿನ್ನ ನಾಲಿಗಿ ಸತ್ತೈತಿ. ಮೊದಲ ಅದನ್ನ ತೋರಿಸ್ಕೋ, ಮನ್ಯಾಗ ನರ್ಸ್ ಅದಾಳ" ಎಂದು ಅಕ್ಕ ತಿರುಗಿ ಹೇಳುತ್ತಿದ್ದಳು.

ನನ್ನ ಸರದಿಯೂ ಬರುತ್ತಿತ್ತು. ನರ್ಸ್ ಎಂದು ಓಣಿಯವರೆಲ್ಲ ನನ್ನನ್ನು ಬಾಯಾರ ಎಂದೇ ಕರೆಯುತ್ತಾರೆ. "ಬಾಯಾರ, ನಿಮಗ ಏನ ಮಾಡಾಕ ಬರತೈತ್ರಿ?"

"ಸೂಜಿ ಚುಚ್ಚಾಕ ಬರತೈತಿ."

"ಅದೂ ಒಂದ ನಮೂನಿ ಒಗ್ಗರಣಿನ ಬಿಡ್ರಿ, ಚುರ್ ಅಂತೈತಿ."

ಅಕ್ಕನ ಕೈಯ, ಹುಳಿ ಸೊಪ್ಪಿನ ಪುಂಡಿಪಲ್ಯವನ್ನು ಮಾತ್ರ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅದು ಹೋದ ಮನೆಯಲ್ಲಿ ರೊಟ್ಟಿ ಕಡಿಮೆ ಬೀಳುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಅಡುಗೆ ಮುಗಿಸಿ, ಮಧ್ಯಾಹ್ನ ಪುಂಡಿಪಲ್ಯವನ್ನು ನಮ್ಮ ಹಿತ್ತಾಳೆಯ ಬಟ್ಟಲಿನಲ್ಲಿ ಎದುರು ಮನೆಗೆ ಕೊಟ್ಟು ಬಂದಳು. ಹೊಸ್ತಿಲು ದಾಟಿದವಳು ಗೋಡೆ ಹಿಡಿದು ಕುಳಿತಳು. ನಾನು ನಾಡಿ ಹಿಡಿದೆ. ಬೆರಳಿಗೆ ಗೊತ್ತಾಯಿತು. ದವಾಖಾನೆಗೆ ಒಯ್ದೆವು, ಆದರೆ ಅಲ್ಲಿಯ ಡಾಕ್ಟರು ಹೇಳುವ ಮೊದಲೇ ನನಗೆ ತಿಳಿದಿತ್ತು. ಎಷ್ಟೋ ಮಂದಿಯ ಕಣ್ಣು ಮುಚ್ಚಿದ ಕೈ ಇದು. ಅವಳ ಕಣ್ಣನ್ನೂ ನಾನೇ ಮುಚ್ಚಿದೆ.

ಸೂತಕದ ದಿನಗಳಲ್ಲಿ ನಮ್ಮ ಒಲೆ ಹೊತ್ತಲಿಲ್ಲ. ನೆಂಟರೂ ಓಣಿಯವರೂ ಬುತ್ತಿ ತಂದರು. ಅದು ಎಲ್ಲರ ಮನೆಯಲ್ಲೂ ನಡೆಯುವ ರೀತಿ, ಅದರಲ್ಲಿ ಸಂಕೋಚವಿಲ್ಲ. ದಿನಕರ್ಮಗಳು ಮುಗಿದವು, ನೆಂಟರು ಹೊರಟರು, ನಾನು ಒಲೆ ಹೊತ್ತಿಸಿದೆ. ಅನ್ನ, ಬೇಳೆ, ಗಂಜಿ. ಇಷ್ಟನ್ನು ಯಾರ ಹತ್ತಿರವೂ ಕೇಳದೆ ಮಾಡಿಕೊಳ್ಳಬಲ್ಲೆ. ರೊಟ್ಟಿಯನ್ನು ಅಂಗಡಿಯಿಂದ ತಂದೆ.

ಬಟ್ಟಲುಗಳು ಬರುವುದು ನಿಲ್ಲಲಿಲ್ಲ. ಆದರೆ ಅವು ಬರುವ ರೀತಿ ಬದಲಾಯಿತು. ಎದುರು ಮನೆಯ ಸೊಸೆ ಪಲ್ಯ ತಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ನಿಮ್ಮ ಭಾಂಡೇದಾಗ ಸುರುವಿಕೊಂಡ ಬಟ್ಟಲಾ ಕೊಟ್ಟಬಿಡ್ರಿ ಬಾಯಾರ. ತೊಳೀಬ್ಯಾಡ್ರಿ, ನಾ ತೊಳಕೋತೀನಿ."

ನಾನು ಸುರುವಿಕೊಂಡು ಕೊಡುತ್ತಿದ್ದೆ. ಅವಳು ಬರಿದಾದ ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡು ಹೋಗುತ್ತಿದ್ದಳು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ವಾರ್ಡಿನಲ್ಲಿ ಹಾಲು ಬ್ರೆಡ್ಡು ಹಂಚಿದವಳು ನಾನು, ಮಂಚದ ಮೇಲಿನವರಿಗೆ ಕೊಡುವುದಕ್ಕೂ ಸರೀಕರಿಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ಬಲ್ಲೆ. ಕಟ್ಟೆಯ ಮೇಲೂ ಯಾರೂ ನನ್ನನ್ನು ಕೆಣಕುತ್ತಿರಲಿಲ್ಲ. ನಾನು ಹೋಗಿ ಕುಳಿತರೆ ಜಾಗ ಬಿಡುತ್ತಿದ್ದರು, ದನಿ ತಗ್ಗಿಸುತ್ತಿದ್ದರು. ಅಕ್ಕ ಹೋದಳು. ಅವಳೊಂದಿಗೆ ಈ ಓಣಿಯೂ ನನ್ನ ಕೈ ಬಿಟ್ಟರೆ ಮುಂದಿನ ದಿನಗಳನ್ನು ಹೇಗೆ ಕಳೆಯಲಿ ಎಂಬುದೇ ನನ್ನ ಚಿಂತೆಯಾಯಿತು. ಬಟ್ಟಲು ತುಂಬಿ ಕಳಿಸದ ಹೊರತು ಅದು ತಪ್ಪುವಂತಿರಲಿಲ್ಲ.

ನಮ್ಮ ಹಿತ್ತಾಳೆಯ ಬಟ್ಟಲು ಎದುರು ಮನೆಯಲ್ಲೇ ಉಳಿದಿತ್ತು. ಅವರ ಪಡಸಾಲೆಯ ಗೋಡೆಯ ಮಾಡದಲ್ಲಿ ಬೋರಲು ಹಾಕಿಟ್ಟದ್ದು ನನಗೆ ಕಾಣುತ್ತಿತ್ತು. ನಾನು ಕೇಳಲಿಲ್ಲ. ಅವರೂ ಆ ಮಾತು ತೆಗೆಯಲಿಲ್ಲ.

ಒಂದು ದಿನ ಲಕ್ಕಲಕಟ್ಟಿಯಿಂದ ಕಾಯಿಪಲ್ಲೆ ತರುವ ಹೆಂಗಸಿನ ಬುಟ್ಟಿಯಲ್ಲಿ ಎಳೆ ಪುಂಡಿ ಕಂಡಿತು. ಎರಡು ಸೂಡು ತೆಗೆದುಕೊಂಡೆ. ಅಕ್ಕ ಮಾಡುವುದನ್ನು ನೂರಾರು ಸಲ ನೋಡಿದ್ದೆ, ಆದರೆ ನೋಡಿದ್ದು ಅಡುಗೆಮನೆಯ ಬಾಗಿಲಿನಿಂದ, ಹೋಗುತ್ತಾ ಬರುತ್ತಾ. ಪುಂಡಿ, ಜೋಳದ ನುಚ್ಚು, ತೊಗರಿಬೇಳೆ, ಹಸಿಮೆಣಸಿನಕಾಯಿ ಬೇಕೆಂದು ಗೊತ್ತಿತ್ತು. ಎಲೆಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ ತೊಳೆದೆ. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಯಲು ಇಟ್ಟೆ. ಎಲೆ ಬೆಂದ ನೀರನ್ನು ಅಕ್ಕ ಬಸಿಯುತ್ತಿದ್ದಳೆಂಬುದು ನೆನಪಿತ್ತು. ಆದರೆ ಬಸಿಯಲು ನನಗೆ ಕೈ ಬರಲಿಲ್ಲ. ಸೊಪ್ಪು ಬೆಂದ ನೀರು ಚೆಲ್ಲಬೇಡಿ, ಸತ್ವವೆಲ್ಲ ಅದರಲ್ಲಿ ಹೋಗುತ್ತದೆ ಎಂದು ಹಳ್ಳಿ ಹಳ್ಳಿಯ ಬಸುರಿಯರಿಗೆ ಹೇಳುತ್ತಾ ಬಂದವಳು ನಾನು. ನೀರನ್ನು ಹಾಗೆಯೇ ಬಿಟ್ಟೆ.

ನುಚ್ಚು ಬೇಯಲಿಲ್ಲ. ಬೇಳೆಯೂ ಬೇಯಲಿಲ್ಲ. ಉರಿ ಹೆಚ್ಚಿಸಿದೆ, ನೀರು ಹಾಕಿದೆ. ಕೊನೆಗೆ ಗಡಿಯಾರ ನೋಡಿದೆ, ಬಟ್ಟಲುಗಳ ಹೊತ್ತು ಬಂದುಬಿಟ್ಟಿತ್ತು. ಬಣ್ಣ ಅಕ್ಕನ ಪಲ್ಯದಂತೆಯೇ ಇದೆ ಎಂದು ಸಮಾಧಾನ ಮಾಡಿಕೊಂಡು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟೆ. ಸೊಸೆ ಅವತ್ತು ಮಡಕಿಕಾಳಿನ ಪಲ್ಯ ತಂದಾಗ ಬಟ್ಟಲನ್ನು ತೊಳೆದು, ಒರೆಸಿ, ಪುಂಡಿಪಲ್ಯ ತುಂಬಿ ಅವಳ ಕೈಗೆ ಕೊಟ್ಟೆ. ಅವಳು ಬೇಡವೆನ್ನಲು ಬಾಯಿ ತೆರೆದಳು, ನನ್ನ ಮುಖ ನೋಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು.

ಆಮೇಲೆ ತಾಟಿಗೆ ಹಾಕಿಕೊಂಡು ತಿಂದೆ. ಹುಳಿಗೆ ಹಲ್ಲು ಜುಮ್ಮೆಂದವು, ನುಚ್ಚು ಕಟಕಟ ಎಂದಿತು. ಅಕ್ಕನ ಹೆಸರಿನ ಪಲ್ಯವನ್ನೇ ಹೀಗೆ ಮಾಡಿ ಕಳಿಸಿದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ಅವರು ಇದನ್ನೂ ಮೆತ್ತಗೆ ಹೊಗಳಿಬಿಟ್ಟರೆ? "ಚಲೋ ಆಗಿತ್ರಿ ಬಾಯಾರ" ಎಂದು ಹೇಳಿ, ಹಿತ್ತಲಲ್ಲಿ ಎಮ್ಮೆಯ ಮುಂದೆ ಸುರುವಿಬಿಟ್ಟರೆ?

ಅಂದು ನಾನು ಕಟ್ಟೆಗೆ ಹೋಗಲಿಲ್ಲ.

ಎದುರು ಮನೆಯ ಮಗ್ಗ ಮಧ್ಯಾಹ್ನದ ಮೇಲೆ ಮತ್ತೆ ಶುರುವಾದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಲಾಳಿಯ ಸದ್ದು ನಡುವೆಯೇ ನಿಂತಿತು. ಆಕೆ ನೇಯುವ ಹೊತ್ತಿನಲ್ಲಿ ಸುಮ್ಮನೆ ಏಳುವವಳಲ್ಲ. ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು.

"ಏನ್ರಿ ಬಾಯಾರ, ಪಲ್ಯದಾಗ ಹಳ್ಳದ ಉಸುಕ ಹಾಕೀರೇನು? ನನಗ ಇರೋವ ನಾಕ ಹಲ್ಲ. ಅವನ್ನೂ ತೆಗಿಬೇಕಂತ ಮಾಡೀರಿ?"

ನಾನು ಎದ್ದು ನಿಂತೆ. ಬಹಳ ದಿನಗಳ ಮೇಲೆ ಯಾರೋ ನನ್ನೊಡನೆ ಪೂರಾ ದನಿಯಲ್ಲಿ ಮಾತಾಡಿದ್ದರು.

"ನುಚ್ಚ ಬೇಯಲಿಲ್ಲ, ಅಕ್ಕಾರ" ಎಂದೆ.

"ಹುಳಿ ನೀರಾಗ ಹ್ಯಾಂಗ ಬೇಯತಾವ್ರಿ? ಆ ನೀರ ಬಸೀಲಿಲ್ಲೇನು?"

"ಅದರಾಗ ಸತ್ವ ಇರತೈತಿ. ಚೆಲ್ಲಬಾರದು."

"ಸತ್ವ ಅಂತ, ಸತ್ವ! ಎಮ್ಮಿ ಮೂಸಿ ನೋಡಿ ಹಿಂದ ಸರದೈತ್ರಿ. ನಿಮ್ಮ ಅಕ್ಕ ಇದ್ದಿದ್ರ ಸೌಟ ತಗೊಂಡ ಬೆನ್ನ ಹತ್ತತಿದ್ಲು."

ನಾವಿಬ್ಬರೂ ಒಲೆಯ ಕಡೆ ನೋಡಿದೆವು. ಅಕ್ಕ ಸತ್ತ ಮೇಲೆ ಅವಳ ಮಾತನ್ನು ನನ್ನೆದುರು ಹೀಗೆ ಆಡಿದವರು ಯಾರೂ ಇರಲಿಲ್ಲ. ಎಲ್ಲರೂ "ಅವರು" ಎನ್ನುತ್ತಿದ್ದರು, ಕಣ್ಣು ತಗ್ಗಿಸುತ್ತಿದ್ದರು.

"ನಿಮಗ ಏನರ ಅನ್ನಾಕ ಇಷ್ಟ ದಿನ ಧೈರ್ಯ ಆಗಿದ್ದಿಲ್ರಿ" ಎಂದಳು. "ಅಂದ್ರ ಅಳತೀರೇನೋ ಅಂತ."

"ನಾ ಅಳೂದಿಲ್ಲ."

"ಅದ ಹೆದರಿಕಿ ನೋಡ್ರಿ."

ಮರುದಿನ ಮತ್ತೆ ಪುಂಡಿ ತಂದೆ. ಆಕೆ ಮಗ್ಗ ಬಿಟ್ಟು ಬರುವಂತಿರಲಿಲ್ಲ. ನಾನು ನಡುವಿನ ದಾರಿ ದಾಟಿ ಅವರ ಕಿಟಕಿಯ ಹತ್ತಿರ ಹೋಗಿ ಕೇಳುವುದು, ಆಕೆ ಮಗ್ಗದ ಕುಣಿಯಲ್ಲಿ ಕುಳಿತು ಲಾಳಿ ಎಸೆಯುತ್ತಲೇ ಹೇಳುವುದು, ನಾನು ಬಂದು ಮಾಡುವುದು. ಹೀಗೆ ನಡೆಯಿತು. ನುಚ್ಚು ಬೇಳೆ ಬೇರೆ ಇಡಬೇಕು, ಬೆರಳಿಗೆ ಹಿಸುಕಿದರೆ ಮೆತ್ತಗಾಗಬೇಕು. ಎಲೆಯನ್ನು ಬೇರೆ ಕುದಿಸಿ, ಬಸಿದು, ಹಿಂಡಿ, ಆಮೇಲೆ ಕೂಡಿಸಿ ನುಣ್ಣಗೆ ಮಸೆಯಬೇಕು. ಎಷ್ಟು ನಿಮಿಷ ಎಂದು ಕೇಳಿದ್ದಕ್ಕೆ, "ಗಡ್ಯಾಳ ತಿಂತೀರೇನು? ಬೆರಳಿಲೆ ನೋಡ್ರಿ" ಎಂಬ ಉತ್ತರ ಬಂತು.

ಬಸಿದ ನೀರನ್ನು ನಾನು ಚೆಲ್ಲಲಿಲ್ಲ. ಈ ಒಂದರಲ್ಲಿ ಯಾರ ಮಾತನ್ನೂ ಕೇಳಲು ಸಿದ್ಧಳಿರಲಿಲ್ಲ. ಅದಕ್ಕೆ ಬೇಳೆಯ ಕಟ್ಟು ಬೆರೆಸಿ, ಹುಳಿ ಮುರಿಯಲು ಬೆಲ್ಲ ಹಾಕಿ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಸಾರು ಮಾಡಿದೆ. ಅಕ್ಕ ಎಂದೂ ಮಾಡಿರದ ಸಾರು ಅದು. ಆಕೆ ಹಿಂದಿನ ದಿನ ಬಿಟ್ಟುಹೋದ ಬಟ್ಟಲು ನನ್ನ ಬಳಿ ಇತ್ತು. ಅದರಲ್ಲಿ ಪಲ್ಯ ತುಂಬಿದೆ, ಸಾರನ್ನು ಒಂದು ಚೊಂಬಿನಲ್ಲಿ ಹಾಕಿದೆ. ಎರಡನ್ನೂ ನಾನೇ ಒಯ್ದು ಕೊಟ್ಟು ಬಂದೆ.

ಅಂದು ಕಟ್ಟೆಗೆ ಹೋದೆ. ಆಕೆ ತಡಮಾಡಿ ಹೊರಗೆ ಬಂದಳು. ಎಲ್ಲರೂ ಕೇಳುವಂತೆ ಹೇಳಿದಳು:

"ಪಲ್ಯ ಇನ್ನೂ ನಿಮ್ಮ ಅಕ್ಕನ ಹಂಗ ಇಲ್ರಿ. ಉಪ್ಪ ಕಡಿಮಿ, ಮಸೆದದ್ದು ಸಾಲದು."

"ಸಾರು?"

ಒಪ್ಪಿಕೊಳ್ಳುವುದು ಆಕೆಗೆ ಕಷ್ಟ. "ಸಾರು ಹ್ಯಾಂಗ ಮಾಡಿದ್ರಿ ಅದನ್ನ ಹೇಳ್ರಿ. ನಾಳೆ ನಮ್ಮ ಸೊಸಿ ಮಾಡ್ತಾಳ."

ನಾನು ಹೇಳಿದೆ. ಪಕ್ಕದವಳು ಬೆಲ್ಲ ಎಷ್ಟು ಎಂದು ಕೇಳಿದಳು. ನಾಲಿಗೆಯಿಂದ ನೋಡಬೇಕು ಎಂದೆ. ಎಲ್ಲರೂ ನಕ್ಕರು.

ಆ ಸಂಜೆ ದೀಪ ಹಚ್ಚುವ ಮೊದಲು ಸೊಸೆ ಬಂದಳು. ಬಾಗಿಲಲ್ಲಿ ನಿಲ್ಲದೆ ಅಡುಗೆಮನೆಯವರೆಗೂ ಬಂದು, ತಂದದ್ದನ್ನು ಒಲೆಯ ಪಕ್ಕ ಇಟ್ಟು, "ಅತ್ತಿ ಕೊಟ್ಟಾರ್ರಿ" ಎಂದಷ್ಟೇ ಹೇಳಿ ಹೋದಳು. ಅದು ನಮ್ಮ ಹಿತ್ತಾಳೆಯ ಬಟ್ಟಲು. ಹುಣಸೆಹಣ್ಣು ಹಚ್ಚಿ ಬೆಳಗಿದ್ದರು. ಒಳಗೆ ಎಣ್ಣೆಗಾಯಿ ಬದನೆಕಾಯಿ ತುಂಬಿತ್ತು.

ಅಕ್ಕ ತನ್ನ ಕೈಯಿಂದ ಕೊನೆಯದಾಗಿ ತುಂಬಿ ಕಳಿಸಿದ್ದಕ್ಕೆ ಬಂದ ಉತ್ತರ ಅದು. ನಾನು ತಾಟು ಹಾಕಿಕೊಂಡು, ಅವಳು ಕೂರುತ್ತಿದ್ದ ಜಾಗಕ್ಕೆ ಮುಖ ಮಾಡಿ ಕುಳಿತು, ರೊಟ್ಟಿ ಮುರಿದೆ. ಬದನೆಕಾಯಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ನಾಳೆ ಕಟ್ಟೆಯ ಮೇಲೆ ಹೇಳಬೇಕು ಎಂದುಕೊಂಡೆ.